ಹಬ್ಬದ ದಿನ ಬಿಚ್ಚಿದ ಹಬ್ಬು

ಇದು ನಿಜವಾಗಿ ನಡೆದದ್ದು. ನಡೆದದ್ದು ಸಂಗತಿ ಮಾತ್ರ, ಜೀಪು ನಡೆಯಲಿಲ್ಲ. ಕತೆ ಹುಟ್ಟಿದ್ದೇ ಹಾಗೆ.

ಖಂಡೇನವಮಿಯ, ಅಂದರೆ ಆಯುಧಪೂಜೆಯ, ಬೆಳಿಗ್ಗೆ ಪ್ರೇಮಕುಮಾರ ತನ್ನ ಹಳೆಯ ಜೀಪನ್ನು ತೊಳೆಯಲೆಂದು ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಿಂದ ನಲ್ಲಿಯ ತನಕ ತಂದ. ಅಷ್ಟು ದೂರ ಬರುವುದರೊಳಗೆ ಮುಂದಿನ ಎಡಗಾಲಿಯಿಂದ, ಹಲ್ಲಿಲ್ಲದ ಅಜ್ಜ ಪುಟಾಣಿ ಅಗಿದಂಥ ಸದ್ದು ಬಂತು. ಬೇರೆ ಯಾರಾದರೂ ಆಗಿದ್ದರೆ ನೀರು ಹೊಡೆದು, ಚೆಂಡುಹೂವಿನ ಮಾಲೆ ಹಾಕಿ, ಸಂಜೆಯ ವಾಹನಪೂಜೆ ಮುಗಿಸಿ, ನಾಳೆ ನೋಡಿದರಾಯಿತು ಎಂದು ಬಿಡುತ್ತಿದ್ದರು. ಪ್ರೇಮಕುಮಾರ ಜಾಕು ತಂದ.

ಅವನು ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಗುಮಾಸ್ತ. ದಿನವಿಡೀ ಸೀನುತ್ತ, ಇನ್ನೊಬ್ಬರ ಚೀಲಗಳ ತೂಕ ಬರೆಯುತ್ತ ಕೂರುವವನು. ಜೀಪಿನ ನಾಲ್ಕೂ ಗಾಲಿಗೆ ಒಟ್ಟಿಗೆ ಬಲ ಕೊಡುವ ಆ ಗಿಡ್ಡ ಲಿವರಿನ ಮೇಲೆ ಕೈ ಇಟ್ಟಾಗ ಮಾತ್ರ ಲೋಕದಲ್ಲಿ ತನ್ನ ಮಾತನ್ನೂ ಕೇಳುವುದೊಂದಿದೆ ಅನ್ನಿಸುತ್ತಿತ್ತು. ಆ ಲಿವರನ್ನು ನಿಜವಾಗಿ ಎಳೆದದ್ದು ಒಂದೇ ಸಲ, ಲೋಣಾವಳಾದ ಹೋಟೆಲೊಂದರ ಕೆಸರಿನ ಅಂಗಳದಲ್ಲಿ. ಚಿಕ್ಕಿ ಕೊಳ್ಳುತ್ತಿದ್ದವರು ತಿರುಗಿ ನೋಡಿದ್ದರು. ಆ ನೋಟದ ಮೇಲೆಯೇ ಅವನು ಎರಡು ಮಳೆಗಾಲ ಬದುಕಿದ್ದ.

ಉಳಿದ ರವಿವಾರಗಳಲ್ಲಿ ಅವನು ಜೀಪಿನ ಮೇಲೆ ಇರುತ್ತಿರಲಿಲ್ಲ, ಕೆಳಗೆ ಇರುತ್ತಿದ್ದ. ಹೆಂಡತಿ ಸುಮಂಗಲಾ ಗಂಡನ ಮುಖಕ್ಕಿಂತ ಅವನ ಅಂಗಾಲನ್ನೇ ಹೆಚ್ಚು ಕಂಡವಳು. ಅವಳದು ಮಾತು ಕಡಿಮೆ. ಅವನಂತೂ ಹಾಗೆಂದೇ ತಿಳಿದಿದ್ದ. ತಿಂಗಳ ಹಿಂದೆ ಮಾತ್ರ ಅವಳು ಸ್ಪಷ್ಟವಾಗಿ ಹೇಳಿದ್ದಳು.

“ಖಂಡೇನವಮಿ ಆರತಿಗೆ ನಿಮ್ಮ ಜೀಪ ನಾಕೂ ಕಾಲ ಮ್ಯಾಲ ನಿಂತ್ರ ಇರ್ಲಿ. ನಿಲ್ಲಲಿಲ್ಲಂದ್ರ ಮೂರನೇ ಮಹಡಿ ಓಂಕಾರ್ ಅವ್ರಿಗೆ ಕೊಟ್ಟುಬಿಡೂದು. ಪಾಪ, ಎಷ್ಟ ಸಲ ಕೇಳ್ಯಾರ.”

ಪ್ರೇಮಕುಮಾರ ಒಪ್ಪಿದ್ದ. ಆಗ ಜೀಪು ಚೆನ್ನಾಗಿಯೇ ಓಡುತ್ತಿತ್ತು.

ಮುಂದಿನ ಆ್ಯಕ್ಸಲಿನ ಹಬ್ಬು, ಅಂದರೆ ಗಾಲಿ ಕೂರುವ ನಡುಗುಂಬ, ಬಿಚ್ಚುವುದೆಂದರೆ ಗಾಲಿ ಬಿಚ್ಚಿದಷ್ಟು ಸಲೀಸಲ್ಲ. ಅದರ ನಟ್ಟು ಎಂಟು ಮೂಲೆಯದು, ಚಂಬಿನ ಬಾಯಿಯಷ್ಟು ದೊಡ್ಡದು. ಅದಕ್ಕೆ ಹೊಂದುವ ಪಾನಾ, ಎಂದರೆ ಸ್ಪ್ಯಾನರು, ಇಡೀ ಸೊಸೈಟಿಯಲ್ಲಿ ಇದ್ದದ್ದು ಪಿಂಪ್ರಿಯ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದ ಈರಣ್ಣನ ಹತ್ತಿರ. ಒಳಗಿನ ಉಂಗುರ ಹಿಗ್ಗಿಸಿ ತೆಗೆಯಲು ಕೊಕ್ಕಿನಂಥ ಇಕ್ಕಳ ಬೇಕು, ಅದು ನೆರೆಮನೆಯ ಅವ್ವಣ್ಣನದು. ಮರಳಿ ಕೂಡಿಸುವಾಗ ಇಷ್ಟೇ ಬಿಗಿ ಸಾಕು ಎಂದು ಟಕ್ಕನೆ ಸದ್ದು ಮಾಡುವ ಟಾರ್ಕ್ ರೆಂಚು ಬೇಕು. ಅದು ವರ್ಕ್‌ಶಾಪಿನಲ್ಲಿ ದುಡಿಯುವ ಸ್ನೇಹಲ್‌ಳದು. ಬೇರಿಂಗಿನ ಬಳೆಯನ್ನು ಉಕ್ಕಿನಿಂದ ಬಡಿದರೆ ಅದಕ್ಕೆ ಗಾಯ, ಹಿತ್ತಾಳೆಯಿಂದಲೇ ತಟ್ಟಬೇಕು. ಅದಕ್ಕೆ ತನ್ನದೇ ಅಡುಗೆಮನೆಯ ಕುಟ್ಟಾಣಿ ಎತ್ತಿಕೊಂಡು ಬಂದ. ಹಬ್ಬು ಎಷ್ಟು ಬಿಗಿಯಾಗಿ ತಿರುಗುತ್ತದೆಂದು ಎಳೆದು ನೋಡಲು ಅಡತಿಯ ಸ್ಪ್ರಿಂಗಿನ ತಕ್ಕಡಿ ಇತ್ತು. ಒಟ್ಟಿನಲ್ಲಿ ಜೀಪು ಅವನದು, ಸಾಮಾನು ಊರಿನದು.

ಬಿಸಿಲೇರುವ ಹೊತ್ತಿಗೆ ನಟ್ಟುಗಳೆಲ್ಲ ಹೊರಬಂದು, ಬೇರಿಂಗು ಸೀಮೆಎಣ್ಣೆಯ ಡಬ್ಬಿಯಲ್ಲಿ ಅಭ್ಯಂಜನ ಮಾಡುತ್ತಿತ್ತು. ಹೊಸ ಗ್ರೀಸು ತುಂಬಿ ಕೂಡಿಸಿದರೆ ಮುಗಿಯಿತು ಅನ್ನುವಾಗ ಈರಣ್ಣ ಬಂದು ನಿಂತ.

“ಪ್ರೇಮಣ್ಣ, ತಪ್ಪ ತಿಳೀಬ್ಯಾಡ. ಆ ಪಾನಾ ಕೊಡು, ಪೂಜಿಗೆ ಇಡಬೇಕು.”

ಕೂಡಿಸುವುದೂ ಅದರಿಂದಲೇ, ಮಧ್ಯಾಹ್ನದ ತನಕ ತಡೆಯಿರಿ ಎಂದು ಪ್ರೇಮಕುಮಾರ ಬೇಡಿಕೊಂಡ.

“ರುಕ್ಮಿಣಮ್ಮ ಇಂಟರ್‌ಕಾಮಿಗೆ ಫೋನ್ ಮಾಡಿದ್ಲಪ್ಪ. ಇವತ್ತ ನಮ್ಮ ಹತ್ಯಾರ ಮಂದಿ ಕೈಯಾಗ ಇದ್ರ ವರ್ಷಪೂರ್ತಿ ನಮ್ಮ ಕೈಗೆ ಕೆಲಸ ಹತ್ತಂಗಿಲ್ಲಂತ. ನಾ ರಿಟೈರ್ ಆದಾಂವ, ನನಗ ಹತ್ತಲಿಕ್ಕೆ ಕೆಲಸರ ಎಲ್ಲದ? ಆದ್ರ ಅಕಿ ಮಾತು ಮೀರಾಕ ಆಗಂಗಿಲ್ಲ.”

ಅದು ನಿಜ. ರುಕ್ಮಿಣಮ್ಮ ಸೊಸೈಟಿಯ ಹಿರಿಯ ಜೀವ. ಹಬ್ಬ ಹುಣ್ಣಿಮೆಯ ವಿಷಯದಲ್ಲಿ ಅವಳದೇ ಕೊನೆಯ ತೀರ್ಪು, ಮೇಲ್ಮನವಿ ಇಲ್ಲ. ಪಾನಾ ಹೋಯಿತು. ಹಿಂದೆಯೇ ಅವ್ವಣ್ಣ ಬಂದು ಇಕ್ಕಳ ಒಯ್ದ. ರುಕ್ಮಿಣಮ್ಮ ಆಜಿಯ ಫೋನ್ ಬಂದಿತ್ತು, ಸಾರಿ ಹಾಂ ಕಾಕಾ, ಎನ್ನುತ್ತ ಸ್ನೇಹಲ್ ರೆಂಚು ಒಯ್ದಳು. ಕೊನೆಗೆ ಸುಮಂಗಲಾ ತಾನೇ ಇಳಿದು ಬಂದು, ಕುಟ್ಟಾಣಿ ಎತ್ತಿ, ಅದರ ಗ್ರೀಸನ್ನು ಗಂಡನ ಅಂಗಿಗೆ ಒರೆಸಿ ಮೇಲೆ ಹೋದಳು. ಅವನ ಪಾಲಿಗೆ ಉಳಿದದ್ದು ತಕ್ಕಡಿ. ಬೇಕೆಂದರೆ ಹಣೆಬರಹ ತೂಗಬಹುದಿತ್ತು.

ಅವನು ಮನೆಮನೆಗೆ ಹೊರಟ. ಈರಣ್ಣನ ಮನೆಯಲ್ಲಿ ಪಾನಾ ಮಂಟಪದೊಳಗೆ ಹೂಮಾಲೆ ಹಾಕಿಕೊಂಡು ಮದುಮಗನಂತೆ ಕೂತಿತ್ತು. ಕುಂಕುಮ ಬಿದ್ದ ಹತ್ಯಾರವನ್ನು ನಾಳೆ ದಸರೆಯ ದಿನವೇ ಕದಲಿಸುವುದು. ಹೋಳಿಗೆ ಬೇಕಾದರೆ ತಿನ್ನು ಎಂದರು. ತಿಂದ. ಅವ್ವಣ್ಣನ ಮನೆಯಲ್ಲಿ ಇಕ್ಕಳ ಬಾಳೆಲೆಯ ಮೇಲೆ ಮಲಗಿತ್ತು, ಅಲ್ಲಿಯೂ ಹೋಳಿಗೆ. ಸ್ನೇಹಲ್‌ಳ ಮನೆಯಲ್ಲಿ ಪೂರಣಪೋಳಿ. ಹೆಸರು ಬೇರೆ, ಭಾರ ಅದೇ. ಪ್ರತಿ ಮನೆಯಲ್ಲೂ ಹೆಂಗಸರು ಅವನನ್ನು ಕಂಡೊಡನೆ ಬಾಯಿಗೆ ಸೆರಗು ಒತ್ತಿ ಒಳಗೆ ಸರಿದರು. ಮೂಗಿನ ಮೇಲಿನ ಗ್ರೀಸಿಗೆ ಇರಬೇಕು ಎಂದುಕೊಂಡ.

ಹೊಟ್ಟೆ ಹೊತ್ತುಕೊಂಡು ಕೊನೆಗೆ ರುಕ್ಮಿಣಮ್ಮನ ಬಾಗಿಲಿಗೇ ಹೋದ. ಅವಳು ಕಣ್ಣು ಕಿರಿದು ಮಾಡಿ ಪೂರ್ತಿ ಕೇಳಿದಳು.

“ನಾ ಯಾಕ ಫೋನ್ ಮಾಡ್ಲೋ? ಮುಂಜಾನಿಂದ ಹೂರಣ ರುಬ್ಬಾಕತ್ತೀನಿ. ಹಂಗೊಂದು ಶಾಸ್ತ್ರ ಅದ ಅಂತ ನಾನೂ ಈಗ ಕೇಳಿದ್ದು.” ತುಸು ಯೋಚಿಸಿ ಸೇರಿಸಿದಳು, “ಆದ್ರ ಛೊಲೋ ಅದ. ಮುಂದಿನ ವರ್ಷದಿಂದ ಹೇಳಬೇಕು.”

ಮೆಟ್ಟಿಲು ಇಳಿಯುವಾಗ ಪ್ರೇಮಕುಮಾರನಿಗೆ ಎಲ್ಲವೂ ಹೊಳೆಯಿತು. ಮೂರನೆಯ ಮಹಡಿಯ ಓಂಕಾರ್ ಪ್ರತಿ ಗಣೇಶೋತ್ಸವದಲ್ಲೂ ಮಿಮಿಕ್ರಿ ಮಾಡುವವನು. ಸೊಸೈಟಿ ಸೆಕ್ರೆಟರಿಯಿಂದ ಹಿಡಿದು ಕುಕ್ಕರಿನ ಸೀಟಿಯ ತನಕ ಎಲ್ಲ ದನಿಗಳೂ ಅವನ ಗಂಟಲಲ್ಲಿ ಇದ್ದವು. ಜೀಪಿನ ಆಸೆ ಇದ್ದವನೂ ಅವನೇ.

ಸಂಜೆ ಅಂಗಳದಲ್ಲಿ ಸ್ಕೂಟರು, ಕಾರು, ರಿಕ್ಷಾಗಳೆಲ್ಲ ಮಾಲೆ ತೊಟ್ಟು ಸಾಲಾಗಿ ನಿಂತವು. ಪ್ರತಿ ಗಾಲಿಯ ಕೆಳಗೆ ನಿಂಬೆಹಣ್ಣು. ನಲ್ಲಿಯ ಪಕ್ಕದಲ್ಲಿ ಜೀಪು ಮಾತ್ರ ಲಾಳ ಕಟ್ಟಿಸಿಕೊಳ್ಳಲು ಕಾಲೆತ್ತಿದ ಕುದುರೆಯಂತೆ ಒಂದು ಬದಿ ಎತ್ತಿಕೊಂಡಿತ್ತು. ಆರತಿ ಬೆಳಗುವ ಮೊದಲೇ ಪ್ರೇಮಕುಮಾರ ಓಂಕಾರನನ್ನು ಎಲ್ಲರೆದುರಿಗೆ ಹಿಡಿದು ನಿಲ್ಲಿಸಿ, ಗಾಡಿ ಬೇಕಿದ್ದರೆ ನೆಟ್ಟಗೆ ಕೇಳಬೇಕಿತ್ತು, ಮುದುಕಿಯ ದನಿ ಕದ್ದು ಮೋಸ ಮಾಡಬಾರದಿತ್ತು ಎಂದ.

ಓಂಕಾರ್ ಆರತಿ ತಟ್ಟೆ ಮುಟ್ಟಿ ಆಣೆ ಮಾಡಿದ. ನಂಬದಿದ್ದರೆ ನೋಡಿ ಎಂದು ರುಕ್ಮಿಣಮ್ಮನ ದನಿ ತೆಗೆದೂ ತೋರಿಸಿದ. ಅದು ಕುಕ್ಕರಿನ ಸೀಟಿಯ ಹತ್ತಿರ ಹತ್ತಿರ ಹೋಯಿತು. ಬೆಳಿಗ್ಗೆ ಕೇಳಿದ್ದು ಇದಲ್ಲವೇ ಅಲ್ಲ ಎಂದು ಈರಣ್ಣ ಸಾಕ್ಷಿ ಹೇಳಿದ.

ಆಗ ಹಿಂದಿನಿಂದ ರುಕ್ಮಿಣಮ್ಮನ ದನಿಯಲ್ಲಿ ಮಾತು ಬಂತು.

“ಪ್ರೇಮ್ಯಾ, ದೇವರ ಮುಂದ ಜಗಳ ಬ್ಯಾಡೋ. ಕೈ ಮುಗದು ಸುಮ್ಮ ನಿಲ್ಲು.”

ಆಯ್ತು ಅಜ್ಜಿ ಎನ್ನುತ್ತ ಅವನು ರುಕ್ಮಿಣಮ್ಮನ ಕಡೆ ತಿರುಗಿದ. ಅವಳ ಬಾಯಿ ತುಂಬ ಪ್ರಸಾದ ಇತ್ತು. ಅವಳೂ ಯಾರು ಮಾತಾಡಿದರೆಂದು ಸುತ್ತ ನೋಡುತ್ತಿದ್ದಳು. ಅವಳ ಹಿಂದೆ ಸುಮಂಗಲಾ ನಿಂತಿದ್ದಳು.

ಹೆಂಗಸರ ಸಾಲು ಒಮ್ಮೆಲೇ ಗೊಳ್ಳೆಂದು ನಕ್ಕಿತು. ಮಧ್ಯಾಹ್ನದ ಹೊತ್ತು ಮೆಟ್ಟಿಲ ಮೇಲೆ ಕೂತು ಸುಮಂಗಲಾ ಇಡೀ ಸೊಸೈಟಿಯನ್ನು ಆಡಿ ತೋರಿಸುವುದು ಅವರಿಗೆಲ್ಲ ಗೊತ್ತಿತ್ತು. ವಾಚ್‌ಮನ್ನನ ಕೆಮ್ಮು, ಸೆಕ್ರೆಟರಿಯ ಭಾಷಣ, ಪ್ರೇಮಕುಮಾರನ ಗೊರಕೆ, ಯಾವುದೂ ಬಿಟ್ಟಿರಲಿಲ್ಲ. ಗೊತ್ತಿಲ್ಲದವನು ಒಬ್ಬನೇ. ಯಾವ ಬೇರಿಂಗು ಯಾವಾಗ ಮುಲುಕುತ್ತದೆಂದು ಕಿವಿಗೊಟ್ಟು ಹೇಳಬಲ್ಲವನು, ಮನೆಯೊಳಗೆ ಇಷ್ಟೊಂದು ದನಿಗಳಿದ್ದದ್ದನ್ನು ಒಂದು ದಿನವೂ ಕೇಳಿರಲಿಲ್ಲ.

“ಹತ್ಯಾರ ಇಲ್ಲಂದ್ರ ಮ್ಯಾಲ ಬರ್ತೀರಿ ಅಂತ ನಾನ ಫೋನ್ ಮಾಡಿದೆ,” ಎಂದಳು ಸುಮಂಗಲಾ, ಈಗ ತನ್ನದೇ ದನಿಯಲ್ಲಿ. “ಎಲಿ ಹಾಕಿ ಕುಂತಿದ್ದೆ. ನೀವು ಮಂದಿ ಮನ್ಯಾಗ ಉಂಡು ಬಂದ್ರಿ.”

ಪ್ರೇಮಕುಮಾರನಿಗೆ ಹೇಳಲು ಬಹಳ ಇತ್ತು. ಇದು ಮೋಸ, ಪಂಥ ನಡೆಯುವುದಿಲ್ಲ ಎಂದರೆ ಈರಣ್ಣನೂ ಹೌದೆನ್ನುತ್ತಿದ್ದ. ಆದರೆ ತಣ್ಣಗಾದ ಆ ಎಲೆ ಕಣ್ಣೆದುರು ಬಂತು. ಜೇಬಿನಿಂದ ಕೀಲಿ ತೆಗೆದು ಓಂಕಾರನ ಕೈಗಿಟ್ಟು, ನಾಳೆ ದಸರೆ, ಗಾಡಿ ತಗೊಳ್ಳಲು ಇದಕ್ಕಿಂತ ಒಳ್ಳೆಯ ದಿನ ಇಲ್ಲ ಎಂದ. ಸುಮಂಗಲಾ ಮೊದಲ ಸಲ ಗಂಡನ ಮುಖವನ್ನು ಪುರಸೊತ್ತಿನಿಂದ ನೋಡಿದಳು.

ಓಂಕಾರ್ ಕೀಲಿಯನ್ನು ಕಣ್ಣಿಗೊತ್ತಿಕೊಂಡು, ಜೀಪಿನ ಎತ್ತಿದ ಬದಿಯನ್ನೂ ಸೀಮೆಎಣ್ಣೆಯ ಡಬ್ಬಿಯನ್ನೂ ನೋಡಿ ಗಂಟಲು ಸರಿ ಮಾಡಿಕೊಂಡ.

“ತಗೋತೀನ್ರಿ. ಆದ್ರ ಒಂದ ಮಾತು. ನನಗ ಸೈಕಲ್ ಚೈನ್ ಹಾಕಾಕೂ ಬರಂಗಿಲ್ಲ. ಇದನ್ನ ನಾಳೆ ಪ್ರೇಮಣ್ಣನೇ ಕೂಡಿಸಿ ಕೊಡಬೇಕು. ಆಮ್ಯಾಲ ಬಲಗಡಿದೂ ಬಿಚ್ಚಿ ನೋಡಬೇಕು. ರವಿವಾರಕ್ಕೊಮ್ಮೆ ಅವ್ರು ಇದರ ಕೆಳಗ ಇರ್ತಾರ ಅಂದ್ರನ ನನಗ ಧೈರ್ಯ.”

ಈರಣ್ಣ ಬೆಳಿಗ್ಗೆಯೇ ಪಾನಾ ತರುತ್ತೇನೆಂದ. ಅವ್ವಣ್ಣನೂ ಸ್ನೇಹಲ್‌ಳೂ ತಲೆಯಾಡಿಸಿದರು. ಕುಟ್ಟಾಣಿಯೂ ಬೇಕಾಗುತ್ತದೆ ಎಂದು ಯಾರೋ ನೆನಪಿಸಿದರು. ಸುಮಂಗಲಾಳ ಬಾಯಿ ತೆರೆಯಿತು. ಅಷ್ಟೊಂದು ದನಿಗಳಲ್ಲಿ ಆ ಹೊತ್ತಿಗೆ ಒಂದೂ ಹೊರಬರಲಿಲ್ಲ.

ಮೊದಲು ನಕ್ಕವಳು ರುಕ್ಮಿಣಮ್ಮ, ಪ್ರಸಾದ ನುಂಗಿದ ಮೇಲೆ. ಆಮೇಲೆ ಅಂಗಳವೆಲ್ಲ ನಕ್ಕಿತು. ಪ್ರೇಮಕುಮಾರ ನಗು ತಡೆಯಲಾರದೆ ಜೀಪಿನ ಬಾನೆಟ್ಟಿಗೆ ಕೈ ಊರಿದ. ಇನ್ನು ಅದು ತನ್ನದಲ್ಲ ಎಂದು ಹೊಳೆದು ಕೈ ತೆಗೆದ. ಊರಲು ಬೇರೇನೂ ಸಿಗದೆ ಹೆಂಡತಿಯ ಹೆಗಲು ಹಿಡಿದು ನಕ್ಕ, ಎಲ್ಲರಿಗಿಂತ ಜೋರಾಗಿ.