ಕೆರೆಯ ಮೇಲೆ ಟ್ರಾಫಿಕ್ ಡ್ಯೂಟಿ

ಸೀಟಿ ಊದೋದು ನನ್ನ ಕೆಲಸ. ನಾನು ಸೀಟಿ ಊದಿದ ಕಡೆ ಗಾಡಿ ನಿಲ್ಲುತ್ತೋ ಇಲ್ಲವೋ, ನಗೋ ಹಾಗೆ ಏನಾದರೊಂದು ಮಾತ್ರ ನಡೆದೇ ನಡೆಯುತ್ತೆ. ಬಂಗಾರಪೇಟೆ ಬಸ್ ಸ್ಟ್ಯಾಂಡ್ ಮುಂದೆ ಹೋಂ ಗಾರ್ಡ್ ಆಗಿ ನಿಂತು ವರ್ಷಗಳೇ ಆದವು. ಆಟೋದವರ ಜೊತೆ ಕಿರುಚಾಡಿ ಗಂಟಲು ಹೋಗಿದೆ, ತಾಳ್ಮೆ ಅದಕ್ಕಿಂತ ಮೊದಲೇ ಹೋಗಿದೆ. ರಸ್ತೆ ಮೇಲಿನ ಕತೆ ಎಲ್ಲರಿಗೂ ಗೊತ್ತಿರೋದೇ ಬಿಡಿ. ಆದರೆ ಈಚೆಗೆ ನನಗೆ ನೀರಿನ ಮೇಲೆ ಟ್ರಾಫಿಕ್ ಡ್ಯೂಟಿ ಬಿತ್ತು. ಅದನ್ನ ಯಾರಿಗಾದರೂ ಹೇಳದೆ ಇದ್ದರೆ ನನಗೆ ತಿಂದ ಅನ್ನ ಅರಗಲ್ಲ.

ಈಜು ಬರದವಳು

ಬೂದಿಕೋಟೆ ದಾರಿಯಲ್ಲಿ ಒಂದು ದೊಡ್ಡ ಕೆರೆ ಇದೆ. ನಾನು ಚಿಕ್ಕವಳಾಗಿದ್ದಾಗಿಂದ ಅದರೊಳಗೆ ಹುಡುಗರು ಕ್ರಿಕೆಟ್ ಆಡೋದನ್ನೇ ನೋಡಿದ್ದೆ. ಈಗ ನೀರು ಬಂದು ಏರಿ ತನಕ ತುಂಬಿ ನಿಂತಿದೆ. ಅಷ್ಟು ನೀರು ಕಂಡ ಮೇಲೆ ಜನ ಸುಮ್ಮನಿರ್ತಾರಾ? ಉರಿಗಾಂ ಕಡೆಯ ಯುವಕರ ಸಂಘವೊಂದು ಅಲ್ಲಿ ಹಾಯಿ ದೋಣಿ ಪಂದ್ಯ ಇಟ್ಟುಬಿಟ್ಟಿತು.

ನಮ್ಮ ಸಬ್ ಇನ್‌ಸ್ಪೆಕ್ಟರ್ ಸಾಹೇಬರು ನನ್ನನ್ನ ಕರೆದು, "ಕೆರೇಲಿ ಟ್ರಾಫಿಕ್ ನೋಡ್ಕೋಬೇಕಮ್ಮ" ಅಂದರು.

"ಕೆರೇಲಿ ಎಂಥ ಟ್ರಾಫಿಕ್ ಸಾರ್?"

"ಹೋಗಿ ನೋಡು, ಗೊತ್ತಾಗುತ್ತೆ. ಮೀನು ಹಿಡಿಯೋರ ತೆಪ್ಪ, ಮೈ ತೊಳೆಯೋ ಎಮ್ಮೆ, ಬಟ್ಟೆ ಒಗೆಯೋರು, ಸೆಲ್ಫಿ ತೆಗೆಯೋರು. ಪಂದ್ಯದ ದಿನ ಇವರು ಯಾರೂ ದೋಣಿಗೆ ಅಡ್ಡ ಬರಬಾರದು. ಯಾರೂ ಮುಳುಗಲೂ ಬಾರದು."

"ಸಾರ್, ನನಗೇ ಈಜು ಬರಲ್ಲ."

ಸಾಹೇಬರು ಒಂದು ಗಳಿಗೆ ಯೋಚನೆ ಮಾಡಿ ಅಂದರು: "ಒಳ್ಳೇದೇ ಆಯ್ತು ಬಿಡು. ಡ್ಯೂಟಿ ಬಿಟ್ಟು ನೀರಾಟಕ್ಕೆ ಹೋಗಲ್ಲ."

ಸೀಟಿಗೆ ಬೆಲೆ ಕೊಟ್ಟವರು

ಮೊದಲನೇ ದಿನ ತಾಲೀಮು. ಯೂನಿಫಾರಂಗೆ ಇಸ್ತ್ರಿ ಹಾಕಿಸಿಕೊಂಡು ಏರಿ ಮೇಲೆ ನಿಂತೆ. ದೋಣಿ ಹೊರಡೋ ತೂಬಿನ ಹತ್ತಿರವೇ ಐದಾರು ಎಮ್ಮೆ ನೀರಲ್ಲಿ ಮೂಗು ಮಾತ್ರ ಮೇಲಿಟ್ಟುಕೊಂಡು ಮಲಗಿದ್ದವು. ನಾನು ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸಿಗೆ ಊದೋ ಹಾಗೆ ಎರಡು ಸಲ ಉದ್ದಕ್ಕೆ ಊದಿದೆ.

ಎಮ್ಮೆಗಳು ತಟ್ಟನೆ ತಲೆ ಎತ್ತಿದವು. ನನಗೆ ಒಳಗೊಳಗೇ ಹೆಮ್ಮೆ. ಬಂಗಾರಪೇಟೆಯಲ್ಲಿ ಒಬ್ಬ ಡ್ರೈವರೂ ಇಷ್ಟು ಬೇಗ ತಿರುಗಿ ನೋಡಿದ್ದಿಲ್ಲ. ಆಮೇಲೆ ನೋಡಿದರೆ ಅವು ಎದ್ದು ನೀರಿಳಿಸಿಕೊಂಡು ಸೀದಾ ನನ್ನ ಕಡೆಗೇ ಬರ್ತಿವೆ. ನಾನು ಇನ್ನೂ ಜೋರಾಗಿ ಊದಿದೆ. ಅವು ಇನ್ನೂ ಬಿರುಸಾಗಿ ಬಂದವು. ಆ ದಡದಲ್ಲಿದ್ದ ಎಮ್ಮೆಗಳೂ ಈಜಿಕೊಂಡು ಹೊರಟವು. ನಾನು ಸೀಟಿ ಬಾಯಲ್ಲಿ ಇಟ್ಟುಕೊಂಡೇ ಓಡಿದೆ. ಉಸಿರು ಬಿಟ್ಟಾಗಲೆಲ್ಲ ಅದು ತಾನೇ ಕೂಗುತ್ತಿತ್ತು, ಎಮ್ಮೆಗಳು ಬಿಡದೆ ಹಿಂದೆ ಬಂದವು.

ಕೊನೆಗೆ ಎಮ್ಮೆ ಯಜಮಾನ, ವಯಸ್ಸಾದ ತಾತ, ಆಲದ ಮರದ ಕೆಳಗಿಂದ ಎದ್ದು ಬಂದ. "ಏಮೀ ಕಾದಮ್ಮಾ, ಏನೂ ಆಗಲ್ಲ, ಬಯಪಡಬ್ಯಾಡ. ನಾನು ಸಂಜೆ ಇಂಡಿ ಇಡಾಕೆ ಇಂಗೇ ಸಿಳ್ಳೆ ಒಡೀತೀನಿ. ಅದಕ್ಕೇ ಬಂದವೆ. ಈಗ ನೀನು ಇಂಡಿ ಇಡದಿದ್ರೆ ಇವು ಬುಡಲ್ಲ."

ಹಿಂಡಿ ತರಿಸಿ ಇಟ್ಟ ಮೇಲೇ ನನಗೆ ಬಿಡುಗಡೆ. ಅವತ್ತೇ ಸಾಹೇಬರ ಆರ್ಡರ್ ಬಂತು: ಸೀಟಿ ಬೇಡ, ಇವಳ ಕೈಗೆ ಮೈಕು ಕೊಡಿ.

ಹಾಯಿಯ ಮೇಲಿನ ಮುಖಗಳು

ದೋಣಿ ಅಂದರೆ ದೋಣಿ ಅಲ್ಲ. ಲಾರಿ ಟ್ಯೂಬಿಗೆ ಗಾಳಿ ತುಂಬಿ, ಮೇಲೆ ಬಿದಿರು ಕಟ್ಟಿ, ನಡುವೆ ಒಂದು ಗಳ ನಿಲ್ಲಿಸಿದ್ದರು. ಆ ಗಳಕ್ಕೆ ಹಾಯಿ ಎಲ್ಲಿಂದ ತರೋದು? ಊರ ತುಂಬ ಹಳೇ ಫ್ಲೆಕ್ಸ್ ಬಿದ್ದಿರ್ತಾವಲ್ಲ, ಅವನ್ನೇ ಕಟ್ಟಿದ್ದರು. ಒಂದು ದೋಣಿಗೆ ಮದುವೆ ಸ್ವಾಗತ, ಒಂದಕ್ಕೆ ಟ್ಯೂಷನ್ ಜಾಹೀರಾತು, ಇನ್ನೊಂದಕ್ಕೆ ಗೃಹಪ್ರವೇಶ. ನೀರಿನ ಮೇಲೆ ಗೃಹಪ್ರವೇಶ ತೇಲಿಕೊಂಡು ಬರೋದನ್ನ ನಾನು ಅವತ್ತೇ ಮೊದಲು ನೋಡಿದ್ದು.

ಸಂಘದ ಕಾರ್ಯದರ್ಶಿ ಉರಿಗಾಂನವನು, ಒಂದೇ ಉಸಿರಲ್ಲಿ ಮೂರು ಭಾಷೆ ಮಾತಾಡ್ತಾನೆ. "ಇದೇನಪ್ಪ ಇದು" ಅಂತ ಕೇಳಿದ್ದಕ್ಕೆ, "ಕಾತ್ತು ತುಂಬಿದ್ರೆ ಸರಿ ಅಕ್ಕಾ, ಗಾಳಿಗೆ ಯಾರ್ ಮುಖ ಆದ್ರೇನು" ಅಂದ.

ಎರಡು ದೋಣಿ ಮಾತ್ರ ನನಗೆ ತಲೆನೋವಾದವು. ಮುಂದಿನ ದೋಣಿಯ ಹಾಯಿ ಮೇಲೆ ದಪ್ಪ ಮೀಸೆಯ ಯಜಮಾನರೊಬ್ಬರು, ಕೆಳಗೆ 'ಹುಟ್ಟುಹಬ್ಬದ ಶುಭಾಶಯಗಳು'. ಹಿಂದಿನ ದೋಣಿಯ ಹಾಯಿ ಮೇಲೆ ಅದೇ ಮೀಸೆ, ಅದೇ ಯಜಮಾನರು, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ'. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಮೊದಲನೇದಕ್ಕೆ ನಕ್ಕರು, ಎರಡನೇದಕ್ಕೆ ಕೈ ಮುಗಿದರು. ನಾನು ಮೈಕಿನಲ್ಲಿ ಅಷ್ಟೂ ಹೊತ್ತು ಒಂದೇ ಕೂಗಿದ್ದು: "ಹಿಂದಿನ ದೋಣಿಯವರೇ, ದಯವಿಟ್ಟು ಓವರ್‌ಟೇಕ್ ಮಾಡಬೇಡಿ."

ನಡುವೆ ನಾನು

ಯಾರಾದರೂ ನೀರಿಗೆ ಬಿದ್ದರೆ ಎತ್ತೋಕೆ ಎರಡು ತೆಪ್ಪ ಬೇಕಿತ್ತು. ಆ ಕೆರೆಯಲ್ಲಿ ಮೀನು ಹಿಡಿಯೋ ಗಂಡ ಹೆಂಡತಿಯ ಹತ್ತಿರ ಹಳೇದೊಂದು ಹೊಸದೊಂದು ಬುಟ್ಟಿ ತೆಪ್ಪ ಇದ್ದವು. ಆತನನ್ನ ಊರೆಲ್ಲ ತೆಪ್ಪದಣ್ಣ ಅಂತಲೇ ಕರೆಯೋದು. ಆಕೆಯನ್ನ ನಾನು ಅಕ್ಕ ಅಂತಿದ್ದೆ. ಒಳ್ಳೇ ಜೋಡಿ, ನನ್ನ ಕೆಲಸ ಸಲೀಸು ಅಂದುಕೊಂಡೆ. ಇಬ್ಬರಿಗೂ ಮಾತು ನಿಂತು ಹೋಗಿದೆ ಅಂತ ಯಾರೂ ನನಗೆ ಹೇಳಿರಲಿಲ್ಲ.

"ಆವಯ್ಯಂಗೆ ಯೋಳಮ್ಮ, ಅಗ್ಗ ನನ್ನ ತೆಪ್ಪದಾಗೆ ಐತೆ ಅಂತ" ಅಂದಳು ಅಕ್ಕ. ಆವಯ್ಯ ಅವಳಿಂದ ಮಾರು ದೂರದಲ್ಲಿ ನಿಂತಿದ್ದ.

ನಾನು ತಿರುಗಿ, "ಅಣ್ಣ, ಹಗ್ಗ ಅಕ್ಕನ ತೆಪ್ಪದಲ್ಲಿದೆಯಂತೆ" ಅಂದೆ.

"ಕೇಳುಸ್ತಮ್ಮ. ಅಗ್ಗ ಅವಳತ್ರಾನೇ ಇರ್ಲಿ ಅಂತ ಯೋಳು."

"ಕೇಳುಸ್ತು ಅಂತ ಯೋಳಮ್ಮ" ಅಂದಳು ಅಕ್ಕ.

ಬಸ್ ಸ್ಟ್ಯಾಂಡಿನಲ್ಲೂ ನಾನು ಇಷ್ಟು ಸಲ ಕತ್ತು ತಿರುಗಿಸಿಲ್ಲ. ಜಗಳಕ್ಕೆ ಕಾರಣ ಆಮೇಲೆ ಗೊತ್ತಾಯ್ತು. ಬೀಗರು ಮನೆಗೆ ಬಂದಿದ್ದಾಗ ಅಕ್ಕ ಮೀನು ಸಾರು ಮಾಡಿ ಬಡಿಸಿದ್ದಾಳೆ. ಅಣ್ಣ ಎಲ್ಲರ ಮುಂದೆ, "ಉಪ್ಪು ಸಾಲ್ದು. ನಮ್ಮವ್ವ ಮಾಡ್ತಿದ್ದ ಸಾರೇ ಸಾರು" ಅಂದುಬಿಟ್ಟಿದ್ದಾನೆ. ಅಷ್ಟೇ. ಅಕ್ಕ ಆಚೆ ದಡದಲ್ಲಿರೋ ತಂಗಿ ಮನೆ ಸೇರಿಕೊಂಡಳು. "ಪಂದ್ಯ ಮುಗೀಲಿ, ಏರಿ ಮ್ಯಾಲಿಂದಲೇ ಬಸ್ ಅತ್ತಿ ಕ್ಯಾಸಂಬಳ್ಳಿಗೆ ಮಗಳ ಮನೆಗೆ ಓಗ್ತೀನಿ. ಮತ್ತೆ ಬರಾಕಿಲ್ಲ" ಅಂತ ನನ್ನ ಹತ್ತಿರ ಹೇಳಿದಳು.

ಅಣ್ಣ ಒಬ್ಬನೇ ಬಲೆ ಹಾಕೋಕೆ ಹೋಗಿದ್ದನ್ನ ನಾನೇ ನೋಡಿದೆ. ಬುಟ್ಟಿ ತೆಪ್ಪದಲ್ಲಿ ಒಬ್ಬರು ಹುಟ್ಟು ಹಾಕಬೇಕು, ಒಬ್ಬರು ಬಲೆ ಬಿಡಬೇಕು. ಇವನು ಬಲೆ ಬಿಡೋಕೆ ಹುಟ್ಟು ಕೆಳಗಿಟ್ಟರೆ ತೆಪ್ಪ ಗಿರಗಿರ ತಿರುಗುತ್ತಿತ್ತು. ಕೊನೆಗೆ ಬಲೆ ಅವನ ಸುತ್ತಲೇ ಸುತ್ತಿಕೊಂಡಿತು. ದಡಕ್ಕೆ ಬಂದು ಅದನ್ನ ಬಿಡಿಸಿಕೊಳ್ಳುತ್ತಾ, "ಮೀನು ಸಿಗದಿದ್ರೆ ಓಗ್ಲಿ ಬುಡಮ್ಮ" ಅಂದ. "ಮನೇಲಿ ಸದ್ದೇ ಇಲ್ಲ. ಒಂದ್ಸಲ ನನ್ನ ಬೈದ್ಬುಟ್ಟು ಓಗ್ಲಿ ಸಾಕು, ಅನ್ನ ಒಳಗ್ ಇಳೀತದೆ." ನನಗೆ ಪಾಪ ಅನ್ನಿಸಿತು.

ತಾಲೀಮಿನ ಕೊನೆಗೆ ನಾನು ಒಂದು ರೂಲು ಹೇಳಿದೆ. ಅಪಾಯ ಕಂಡರೆ 'ಏಯ್', 'ಓಯ್' ಅನ್ನಬಾರದು, ಹೆಸರಿಟ್ಟು ಕೂಗಬೇಕು.

ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡಳು. "ಎಸ್ರಾ? ಗಂಡನ ಎಸ್ರು ಯೋಳಾಕಾಯ್ತದಾ? ಮದುವೆ ಆದಾಗಿಂದ ನನ್ನ ಬಾಯಾಗೆ ಬಂದಿಲ್ಲ. ರೇಷನ್ ಅಂಗಡೀಲಿ ಕೇಳಿದ್ರೂ ಮಗಳ ಕೈಲಿ ಯೋಳಿಸ್ತೀನಿ."

"ಆತ ಮುಳುಗ್ತಾ ಇದ್ದರೆ?"

"ಆಗ್ಲೂ ಮಗಳನ್ನ ಕರೀತೀನಿ" ಅಂದಳು.

ಮೈಕು ಆಫ್ ಮಾಡದೆ

ಪಂದ್ಯದ ದಿನ ಏರಿ ಮೇಲೆ ಜನವೋ ಜನ. ಅಣ್ಣನ ತೆಪ್ಪ ಕೆರೆಯ ನಡುವೆ, ಅಕ್ಕನ ತೆಪ್ಪ ಕೋಡಿ ಕಡೆ. ಈಜು ಬರದ ನಾನು ಮೈಕು ಹಿಡಿದುಕೊಂಡು ಅಕ್ಕನ ತೆಪ್ಪದಲ್ಲಿ. ಒಂದು ಕೈಯಲ್ಲಿ ತೆಪ್ಪದ ಅಂಚು ಗಟ್ಟಿಯಾಗಿ ಹಿಡಿದಿದ್ದೆ. ನನ್ನ ಪಕ್ಕದಲ್ಲೇ ಅಕ್ಕನ ಬಟ್ಟೆ ಗಂಟು. ಪಂದ್ಯ ಮುಗಿದ ತಕ್ಷಣ ಬಸ್ಸು ಹತ್ತೋಕೆ ಕಟ್ಟಿಕೊಂಡೇ ಬಂದಿದ್ದಳು.

ದೋಣಿಗಳು ಹೊರಟವು. ಇದ್ದಕ್ಕಿದ್ದ ಹಾಗೆ ಗಾಳಿ ಜೋರಾಯ್ತು. ಶ್ರದ್ಧಾಂಜಲಿ ದೋಣಿ ಎಲ್ಲರನ್ನೂ ಬಿಟ್ಟು, ಹುಟ್ಟುಹಬ್ಬವನ್ನೂ ಹಿಂದೆ ಹಾಕಿ, ಹಿಡಿತ ತಪ್ಪಿ ಸೀದಾ ಅಣ್ಣನ ತೆಪ್ಪದ ಕಡೆ ನುಗ್ಗಿತು. ಅಣ್ಣ ಆ ಕಡೆ ಬೆನ್ನು ಹಾಕಿ, ಯಾರೋ ಬೀಳಿಸಿಕೊಂಡ ಚಪ್ಪಲಿಯನ್ನ ಬಗ್ಗಿ ಎತ್ತುತ್ತಿದ್ದ.

ನಾನು ಮೈಕಿನಲ್ಲಿ "ಅಣ್ಣಾ, ಅಣ್ಣಾ" ಅಂತ ಕೂಗಿದೆ. ಏರಿ ಮೇಲಿದ್ದ ಅಣ್ಣಂದಿರೆಲ್ಲ ನನ್ನ ಕಡೆ ತಿರುಗಿದರು, ಆತ ತಿರುಗಲಿಲ್ಲ. ಅಕ್ಕ ಹುಟ್ಟು ಬಿಟ್ಟು, "ಏನಂದ್ರೆ, ಏನಂದ್ರೆ" ಅಂದಳು. ಏರಿ ಮೇಲಿದ್ದ ಗಂಡಂದಿರೆಲ್ಲ ತಿರುಗಿದರು, ಆತ ತಿರುಗಲಿಲ್ಲ. ದೋಣಿ ಹತ್ತಿರ ಬಂದೇ ಬಿಟ್ಟಿತು. ಅಕ್ಕ ನನ್ನ ಕೈಯಿಂದ ಮೈಕು ಕಿತ್ತುಕೊಂಡವಳೇ ಗಂಡನ ಹೆಸರಿಟ್ಟು ಕೂಗಿದಳು.

ಆ ಹೆಸರನ್ನ ನಾನು ಇಲ್ಲಿ ಹೇಳಲ್ಲ. ಇಷ್ಟು ವರ್ಷ ಜೋಪಾನ ಮಾಡಿಟ್ಟವಳದ್ದು ಅದು, ಅವಳ ಹತ್ತಿರವೇ ಇರಲಿ.

ಕೆರೆ ಸುತ್ತ ಕಟ್ಟಿದ್ದ ಸ್ಪೀಕರುಗಳಲ್ಲಿ ಆ ಹೆಸರು ಮೊಳಗಿತು. ಅಣ್ಣ ತಲೆ ಎತ್ತಿದ, ದೋಣಿ ನೋಡಿದ, ಒಂದೇ ಸಲ ಹುಟ್ಟು ಹಾಕಿ ತೆಪ್ಪವನ್ನ ಪಕ್ಕಕ್ಕೆ ತಿರುಗಿಸಿದ. ಮೀಸೆಯ ಯಜಮಾನರು ಅವನ ಕಿವಿ ಪಕ್ಕದಲ್ಲೇ ಹಾದು ಹೋದರು. ಅಪಾಯ ತಪ್ಪಿತು ಅಂತ ನಾನು ಉಸಿರು ಬಿಟ್ಟೆ. ಆಗಲೇ ಅವನಿಗೆ, ಕೂಗಿದ್ದು ಯಾರು ಅಂತ ತಲೆಗೆ ಹೋಗಿದ್ದು. ತೆಪ್ಪದಲ್ಲಿ ಎದ್ದು ನಿಂತು, "ಏನಂದೆ?" ಅಂದ. ನಿಂತ ತಕ್ಷಣ ತೆಪ್ಪ ವಾಲಿತು, ಅಣ್ಣ ದಬಕ್ಕಂತ ನೀರಿಗೆ ಬಿದ್ದ.

ಅಕ್ಕ ಮೈಕು ಕೆಳಗಿಡಲಿಲ್ಲ, ಆಫ್ ಮಾಡೋದು ಅವಳಿಗೆ ಗೊತ್ತೂ ಇರಲಿಲ್ಲ. "ತೆಪ್ಪದಾಗೆ ಎದ್ ನಿಂತ್ಕೋತಾರಾ? ಬುದ್ಧಿ ಎಲ್ಲಿಟ್ಟಿದ್ದೀರ? ಬೀಗರ ಮುಂದೆ ಉಪ್ಪು ಸಾಲ್ದು ಅನ್ನಾಕೆ ಬಾಯಿ ಬತ್ತದೆ, ಇಂದೆ ತಿರುಗಿ ನೋಡಾಕೆ ಕತ್ತು ಬರಾಕಿಲ್ವಾ? ನಿಮಗೇನಾದ್ರೂ ಆಗಿದ್ರೆ ನಾನ್ ಯಾರ್ ಜೊತೆ ಜಗಳ ಆಡ್ಲಿ?" ಸಾರು, ಅತ್ತೆ, ಬಲೆ, ಹಳೇ ತೆಪ್ಪದ ತೂತು, ಒಂದನ್ನೂ ಬಿಡಲಿಲ್ಲ. ದೋಣಿಯವರೆಲ್ಲ ಹಾಯಿ ಇಳಿಸಿ ಕೂತು ಕೇಳಿದರು. ಪಂದ್ಯ ಯಾರೂ ಗೆಲ್ಲಲಿಲ್ಲ.

ಅಣ್ಣ ಮಾತ್ರ ತೆಪ್ಪದ ಅಂಚು ಹಿಡಿದುಕೊಂಡು ನೀರಲ್ಲಿ ತೇಲುತ್ತಾ ನಗುತ್ತಿದ್ದ. ಕಣ್ಣಲ್ಲಿ ನೀರು ಬೇರೆ. ಕೆರೆ ನೀರೋ ಅವನದ್ದೋ ನನಗೆ ತಿಳಿಯಲಿಲ್ಲ. ನಾವು ಹತ್ತಿರ ಹೋದಾಗ ನನ್ನ ಕಡೆ ನೋಡಿ ಮೆಲ್ಲಗೆ, "ಇನ್ನೊಂದ್ಸಲ ನನ್ನ ಎಸ್ರು ಯೋಳಿಸಮ್ಮ" ಅಂದ.

"ಸುಮ್ಕೆ ಮ್ಯಾಕ್ ಬನ್ನಿ" ಅಂತ ಅಕ್ಕನೇ ಕೈ ಕೊಟ್ಟು ಎಳೆದುಕೊಂಡಳು. ಆಮೇಲೆ ಆ ಗಂಟು ಬಿಚ್ಚಿ, ಒಣಗಿದ ಪಂಚೆ ಒಂದು ತೆಗೆದು ಅವನ ತಲೆ ಒರೆಸಿದಳು. ಗಂಡನನ್ನ ಬಿಟ್ಟು ಮಗಳ ಮನೆಗೆ ಹೊರಟವಳ ಗಂಟಿನಲ್ಲಿ ಗಂಡನ ಪಂಚೆ ಯಾಕಿತ್ತು ಅಂತ ನಾನು ಕೇಳಲಿಲ್ಲ. ಕ್ಯಾಸಂಬಳ್ಳಿ ಬಸ್ಸು ಏರಿ ಮೇಲೆ ಬಂದು, ಹಾರನ್ ಹೊಡೆದು, ಹೊರಟು ಹೋಯಿತು. ಇಬ್ಬರೂ ತಿರುಗಿ ನೋಡಲಿಲ್ಲ.

ಮಾರನೇ ದಿನ ಸ್ಟೇಷನ್ನಿಗೆ ಹೋದೆ. ಸಾಹೇಬರು ಮುಖ ಗಂಟಿಕ್ಕಿಕೊಂಡು ಕೂತಿದ್ದರು. "ಅಷ್ಟು ದೋಣೀಲಿ ಒಬ್ಬ ಹುಡುಗನೂ ಬೀಳಲಿಲ್ಲ. ಕಾಪಾಡೋಕೆ ಇಟ್ಟವನೇ ಬಿದ್ದನಂತಲ್ಲ, ಹೇಗೆ?"

"ಹೆಂಡತಿ ಹೆಸರಿಟ್ಟು ಕರೆದಳು ಸಾರ್."

ಸಾಹೇಬರು ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಆತನ ತಪ್ಪಿಲ್ಲ ಬಿಡಮ್ಮ. ನಮ್ಮನೇಲಿ ಹಾಗೆ ಕರೆದರೆ ನಾನು ನೆಲದ ಮೇಲಿದ್ದೇ ಮುಳುಗ್ತೀನಿ."