ಬ್ಯಾಲೆನ್ಸ್ ಇತ್ತು, ದಿನ ಇರಲಿಲ್ಲ

ಅಲ್ಲ, ಅದು ಸೋಮವಾರ ಇರಲಿಕ್ಕಿಲ್ಲ. ಇಷ್ಟು ವರ್ಷ ಸೋಮವಾರವೆಂದೇ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಅದು ಸೋಮವಾರವೇ ಆಗಿಹೋಗಿದೆ. ಹೆಂಡತಿ ಗಿರಿಜಾ ಗುರುವಾರ ಅನ್ನುತ್ತಾಳೆ. ನನ್ನ ಪ್ರಿಪೇಡ್ ಫೋನಿನ ವ್ಯಾಲಿಡಿಟಿ ಮುಗಿದ ದಿನ ಯಾವುದೆಂದು ಫೋನ್ ಕಂಪನಿಯೊಂದಕ್ಕೇ ಸರಿಯಾಗಿ ಗೊತ್ತು, ಅದು ನನಗೆ ಹೇಳಲಿಲ್ಲ. ಹೇಳಿದ್ದರೂ ಹೇಳಿರಬಹುದು. ಕಂಪನಿಯಿಂದ ಬರುತ್ತಿದ್ದ ಇಂಗ್ಲಿಷ್ ಮೆಸೇಜುಗಳನ್ನೆಲ್ಲ ಲಾಟರಿಯವೆಂದು ತಿಳಿದು ಓದದೆ ಅಳಿಸುತ್ತಿದ್ದೆ.

ಮಾತಿಗೆ ಮೊದಲೇ ರೊಕ್ಕ ಕೊಟ್ಟು, ಹೇಳಿದ ದಿನದೊಳಗೆ ಮಾತಾಡದಿದ್ದರೆ ಆ ಮಾತು ಹಳಸಿಹೋಗುವ ವ್ಯಾಪಾರವನ್ನು ಯಾರು ಕಂಡುಹಿಡಿದರೋ. ಕಡಿಮೆ ಮಾತಾಡುವವನಿಗೆ ಲೋಕವೆಲ್ಲ ಮರ್ಯಾದೆ ಕೊಡುತ್ತದೆ, ಈ ಕಂಪನಿಗಳನ್ನು ಬಿಟ್ಟು. ಗಾಜಿಪುರದ ನಮ್ಮ ಓಣಿಯಲ್ಲಿ ವ್ಯಾಲಿಡಿಟಿ ಮುಗಿಯುವ ಮುನ್ನಾದಿನ ಬಂಧುಪ್ರೇಮ ಉಕ್ಕುತ್ತಿತ್ತು. ಪಕ್ಕದ ಮನೆಯವರು ತಾವು ಎಂದೂ ಸಹಿಸದ ಮಾವನಿಗೆ ಫೋನು ಹಚ್ಚಿ ಅವರ ಎಮ್ಮೆಯ ಆರೋಗ್ಯ ವಿಚಾರಿಸುತ್ತಿದ್ದರು. ನಾನು ಮಾತ್ರ ಕೂಡಿಟ್ಟೆ. ಆಪತ್ತಿಗೆ ಬೇಕಾದೀತೆಂದು.

ಕೂಡಿಡಲು ಇನ್ನೊಂದು ಕಾರಣ ಕಮಲಾಪುರದ ನನ್ನ ಅಕ್ಕ. ನಾವಿಬ್ಬರೂ ಮಾತು ಬಿಟ್ಟಿದ್ದೆವು. ಅವಳು ಬಸ್ಸಿನವರ ಕೈಯಲ್ಲಿ ಕಳಿಸಿದ ಕೆಂಪು ಬಾಳೆಹಣ್ಣು ದಾರಿಯಲ್ಲಿ ಜಜ್ಜಿಹೋಗಿತ್ತು. 'ಹಣ್ಣು ಕಳಿಸೀಯೋ ಶಿರಾ ಕಳಿಸೀಯೋ' ಎಂದು ಅದೇ ಬಸ್ಸಿನವರ ಮುಂದೆ ಹೇಳಿ ಕಳಿಸಿದೆ. ಹಾಗೆ ಅಂದದ್ದು ನಾನೋ ಗಿರಿಜಾಳೋ ಎಂಬುದು ನಮ್ಮ ಮನೆಯಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ. ಆದರೆ ಮಾತು ಬಿಟ್ಟವರಿಗೂ ಮಿಸ್ ಕಾಲ್ ಇತ್ತು. ದಿನಾ ದೀಪ ಹಚ್ಚುವ ಹೊತ್ತಿಗೆ ಅಕ್ಕ ಎರಡು ರಿಂಗು ಕೊಟ್ಟು ಕಟ್ ಮಾಡುವಳು: ನಾನು ಆರಾಮ. ನಾನೂ ಎರಡು ರಿಂಗು ಕೊಡುವೆ: ನಾನೂ. ಎತ್ತುವ ಹಾಗಿಲ್ಲ. ಒಮ್ಮೆ ಗಿರಿಜಾ ಮರೆತು ಎತ್ತಿಬಿಟ್ಟಳು.

"ಯಾಕ ಎತ್ತಿದಿ? ನನ್ನ ರೊಕ್ಕ ಹೋತಲ್ಲ!" ಎಂದು ಅಕ್ಕ ಒದರಿದಳಂತೆ.

"ಆರಾಮ ಅದೀರಿಲ್ಲೋ ಅಕ್ಕಾ?"

"ಎತ್ತೂಮಟ ಆರಾಮ ಇದ್ದೆ!"

ಆ ಸೋಮವಾರ, ಅಥವಾ ಗುರುವಾರ, ಅವಳ ರಿಂಗು ಬರಲಿಲ್ಲ. "ನೀವರೆ ಹಚ್ಚಿ ನೋಡ್ರಿ" ಎಂದಳು ಗಿರಿಜಾ. "ಮೊದಲ ಅಕಿ ಹಚ್ಚಲಿ" ಎಂದೆ. ಸಿಟ್ಟು ಇನ್ನಷ್ಟು ಏರಿರಬೇಕು ಅಂದುಕೊಂಡು ಊಟ ಮಾಡಿ ಮಲಗಿದೆ. ನಿದ್ದೆ ಚೆನ್ನಾಗಿಯೇ ಬಂತು. ಇದೊಂದು ಮಾತ್ರ ಖಚಿತವಾಗಿ ನೆನಪಿದೆ.

ಮರುದಿನ ಬೆಳಿಗ್ಗೆ ಆಫೀಸಿನ ಫೋನಿಗೆ ಭಾವ ಮಾತಾಡಿದರು. ಅಕ್ಕನಿಗೆ ಲಕ್ವಾ ಹೊಡೆದು, ನಮ್ಮೂರಿನ ದವಾಖಾನೆಗೇ ತಂದು ರಾತ್ರಿಯೆಲ್ಲ ಇಟ್ಟುಕೊಂಡಿದ್ದರು. "ನಿನಗ ಎಷ್ಟು ಹಚ್ಚಿದ್ನೋ ತಮ್ಮಾ! ಹಚ್ಚಿದಾಗೆಲ್ಲ ಒಬ್ಬಾಕಿ ಹೆಣ್ಮಗಳು ಈ ನಂಬರಿಗೆ ಸೇವೆ ಇಲ್ಲ ಅಂತಾಳ. ಭಾಳ ನಾಜೂಕ ಮಾತಾಡ್ತಾಳ."

ದವಾಖಾನೆಯಿಂದ ಮರಳುವಾಗ ಮೋಮಿನಪುರದ ರೀಚಾರ್ಜ್ ಅಂಗಡಿಯ ಚಾಂದಭಾಯಿಗೆ ಫೋನು ತೋರಿಸಿದೆ. "ರೊಕ್ಕ ಭಾಳ ಅವರೀ ಸಾಬ್. ದಿನ ಮುಗದಾವ. ಒಳಗ ಬರೂ ಕಾಲ್ ಬಂದ್, ಹೊರಗ ಹೋಗೂದೂ ಬಂದ್."

"ರೊಕ್ಕ ಇದ್ದರೂ?"

"ಮಾತಾಡಬೇಕಿತ್ತರೀ. ಮಾತಾಡ್ಲಾರದ ಯಾಕ ಇಟ್ಕೊಂಡಿದ್ರಿ, ಉಪ್ಪಿನಕಾಯಿನೇನು?" ಎಂದು ನಕ್ಕ. ನಾನೂ ನಕ್ಕೆನೆಂದು ತೋರುತ್ತದೆ.

ನನ್ನನ್ನು ಕಾಡುವುದು ಕಂಪನಿಯಲ್ಲ, ಭಾವ ಹೇಳಿದ ಒಂದು ಸಂಗತಿ. ಅವರು ಅಂಗಡಿ ಮುಚ್ಚಿ ಮನೆಗೆ ಬಂದಾಗ ಅಕ್ಕ ಪಡಸಾಲೆಯಲ್ಲಿ ಬಿದ್ದಿದ್ದಳು, ಫೋನು ಕೈಯಲ್ಲೇ ಇತ್ತು. ಹಾಗಾದರೆ ಯಾರಿಗೆ ಹಚ್ಚಿದ್ದಳು? ಆ ಫೋನು ಕೊನೆಯ ಕೆಲವೇ ನಂಬರುಗಳನ್ನು ಇಟ್ಟುಕೊಳ್ಳುತ್ತಿತ್ತು. ಭಾವ ಅದರಿಂದಲೇ ಬೀಗರು ಬಿಜ್ಜರಿಗೆಲ್ಲ ಹಚ್ಚಿ, ಅಕ್ಕ ಒತ್ತಿದ್ದನ್ನು ಅಳಿಸಿಹಾಕಿದ್ದರು.

ಕೆಲವು ತಿಂಗಳ ನಂತರ ಕಮಲಾಪುರದಲ್ಲಿ ಅವಳ ಮಂಚದ ಪಕ್ಕ ಕೂತು ಕೇಳಿದೆ. ಅಷ್ಟರಲ್ಲಿ ಅವಳಲ್ಲಿ ಉಳಿದಿದ್ದುದು ಒಂದೇ ಮಾತು.

"ಅಕ್ಕಾ, ಅವತ್ತ ನನಗ ಹಚ್ಚಿದ್ದೇನು?"

"ಹ್ಞೂಂ."

"ದಿನಾ ಕೊಡೂ ಮಿಸ್ ಕಾಲೋ, ಮಾತಾಡ್ಬೇಕಂತಿದ್ದೋ?"

"ಹ್ಞೂಂ."

"ಇಲ್ಲಾ, ಹಚ್ಚೇ ಇರಲಿಲ್ಲೇನು?"

"ಹ್ಞೂಂ."

"ಬಿಡೋ ಮಾರಾಯಾ," ಎಂದರು ಬಾಗಿಲಲ್ಲಿದ್ದ ಭಾವ. "ಚಹಾದಾಗ ಉಪ್ಪು ಹಾಕ್ಲೇನು ಅಂದ್ರೂ ಹ್ಞೂಂ ಅಂತಾಳ."

ಅಕ್ಕ ಬಾಯಿಯ ಅರ್ಧದಿಂದ ನಕ್ಕಳು. ನಗು ಭಾವನ ಮಾತಿಗೋ ನನ್ನ ಪ್ರಶ್ನೆಗೋ ತಿಳಿಯಲಿಲ್ಲ. ಈಗ ಪ್ರತಿ ಭಾನುವಾರ ಹೋಗಿ ಗಂಟೆಗಟ್ಟಲೆ ಮಾತಾಡುತ್ತೇನೆ, ಪುಕ್ಕಟೆ. ಅವಳು ಎಲ್ಲದಕ್ಕೂ ಒಪ್ಪುತ್ತಾಳೆ. ಆ ಸಂಜೆ ಅವಳು ನಂಬರು ಒತ್ತಿದಳೇ, ಒತ್ತಿದ್ದರೆ ಕಟ್ ಮಾಡಲೆಂದೇ ಒತ್ತಿದಳೇ, ನಾನು ಎತ್ತಲಿ ಎಂದು ಕಾದಳೇ, ಆ ನಾಜೂಕಿನ ಹೆಣ್ಣುಮಗಳು ಅವಳಿಗೂ ಅದನ್ನೇ ಹೇಳಿದಳೇ? ನನಗೆ ಗೊತ್ತಿಲ್ಲ.