ಬಾಗಿಲಿದ್ದ ಸೈಟ್‌ಸ್ಕ್ರೀನು

"ಇನ್ಮೇಲೆ ನಮ್ಮ ಮನೆ ಟಾಯ್ಲೆಟ್ ಕಡೆ ಒಬ್ಬ ಕ್ರಿಕೆಟಿಗನೂ ತಲೆಹಾಕಲ್ಲ! ಇದು ಆಲ್ರಿಕ್ ಗಿಟನ್ಸ್ ಕೊಟ್ಟ ಮಾತು!"

ಎದೆ ತಟ್ಟಿಕೊಂಡು ಹೀಗೆ ಘೋಷಿಸಿದ ದಿನವನ್ನು ಬಾರ್ಬಡೋಸಿನ ಚರಿತ್ರೆಯಲ್ಲಿ ಚಿನ್ನದ ಅಕ್ಷರಗಳಲ್ಲಿ ಬರೆದಿಡಬೇಕೆಂದು ಸ್ವತಃ ಆಲ್ರಿಕ್‌ಗೇ ಅನ್ನಿಸಿತು. ಮೀನಿನ ಮುಳ್ಳು ತೆಗೆಯುತ್ತಿದ್ದ ಹೆಂಡತಿ ಯೂಡೀನ್ ತಲೆಯನ್ನೂ ಎತ್ತಲಿಲ್ಲ.

"ಇಪ್ಪತ್ತೆರಡು ವರ್ಷದಿಂದ ಕೇಳ್ತಿದೀನಿ ಈ ಭಾಷಣ. ಈ ಸಲ ಆಗ್ಲಿಲ್ಲಾಂದ್ರೆ ನಾನು ಮನೆಗೆ ಬೀಗ ಹಾಕಿ ಅಕ್ಕನ ಮನೆಗೆ ಹೋಗ್ತೀನಿ. ನೀನು ಮೈದಾನದಲ್ಲೇ ಇರು."

ಅವಳ ಸಿಟ್ಟು ನ್ಯಾಯವಾದದ್ದೇ. ಗ್ರೇಪ್‌ಹಿಲ್ ಕ್ರಿಕೆಟ್ ಕ್ಲಬ್ಬಿಗೆ ಟಾಯ್ಲೆಟ್ ಇರಲಿಲ್ಲ. ಮೈದಾನಕ್ಕೆ ಅಂಟಿಕೊಂಡಿದ್ದ ಗಿಟನ್ಸ್ ಮನೆಗಿತ್ತು. ಪ್ರತಿ ಶನಿವಾರ ಎರಡು ತಂಡ, ಇಬ್ಬರು ಅಂಪೈರು, ಒಬ್ಬ ಸ್ಕೋರರು, ಎಲ್ಲರೂ ಮಣ್ಣಿನ ಬೂಟಿನಲ್ಲೇ ಅವಳ ಒರೆಸಿಟ್ಟ ನೆಲದ ಮೇಲೆ ಮೆರವಣಿಗೆ ಹೊರಡುತ್ತಿದ್ದರು! ಸಾಲದ್ದಕ್ಕೆ ಲೀಗಿನಿಂದಲೂ ಪತ್ರ ಬಂದಿತ್ತು: ಟಾಯ್ಲೆಟ್ಟೂ ಸೈಟ್‌ಸ್ಕ್ರೀನೂ ಇಲ್ಲದಿದ್ದರೆ ಮುಂದಿನ ವರ್ಷದ ಪಂದ್ಯಗಳೆಲ್ಲ ಗುಡ್ಡದಾಚೆಯ ಎದುರಾಳಿಗಳ ಮೈದಾನಕ್ಕೆ.

ಆಲ್ರಿಕ್ ನಿವೃತ್ತ ಬಸ್ ಡ್ರೈವರ್. ಒಂದೇ ಟ್ರಿಪ್ಪಿನಲ್ಲಿ ಎರಡು ಕೆಲಸ ಮುಗಿಸುವುದು ಅವನ ಜೀವನಸಿದ್ಧಾಂತ. "ಸೈಟ್‌ಸ್ಕ್ರೀನ್ ಅಂದ್ರೆ ಬೌಲರ್ ಹಿಂದೆ ಬಿಳಿ ಗೋಡೆ ಬೇಕು, ಬ್ಯಾಟ್ಸ್‌ಮನ್‌ಗೆ ಚೆಂಡು ಕಾಣೋಕೆ. ಟಾಯ್ಲೆಟ್‌ಗೂ ಗೋಡೆ ಬೇಕು. ಎರಡು ಗೋಡೆ ಯಾಕ್ರಯ್ಯಾ ದಂಡಕ್ಕೆ?" ಎಂದು ಕ್ಲಬ್ಬಿನ ಸಭೆಯಲ್ಲಿ ಕೇಳಿದಾಗ ಕ್ಯಾಪ್ಟನ್ ಜಾವನ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ಬಾಗಿಲು ಮೈದಾನದ ಕಡೆಗೇ ಇರಬೇಕೆಂದೂ ತೀರ್ಮಾನವಾಯಿತು. ಒಳಗೆ ಹೋದವನಿಗೆ ಬಾಗಿಲ ಸಂದಿಯಿಂದ ಒಂದು ಚೆಂಡೂ ತಪ್ಪಬಾರದಲ್ಲ!

ನಾಲ್ಕು ಶನಿವಾರ ಊರಿಗೆ ಊರೇ ದುಡಿಯಿತು. ಯಾರೋ ಮರಳು ತಂದರು, ಯಾರೋ ಇಟ್ಟಿಗೆ ಹೊತ್ತರು. ಯೂಡೀನ್ ಕೂಡ ಮನಸ್ಸು ಕರಗಿ ಎಲ್ಲರಿಗೂ ಜೋಳದ ಹಿಟ್ಟಿನ ಮುದ್ದೆಯಂಥ ಕುಕೂ, ಮೀನುಸಾರು ಬಡಿಸಿದಳು. ಆರು ಕೋಟು ಬಿಳಿ ಬಣ್ಣ ಬಿತ್ತು. ಬಾಗಿಲೂ ಬಿಳಿ, ಚಿಲಕವೂ ಬಿಳಿ. ಆಲ್ರಿಕ್ ಅದರ ಮುಂದೆ ನಿಂತು ಏಳು ಫೋಟೋ ತೆಗೆಸಿಕೊಂಡ.

ಲೀಗಿನ ತಪಾಸಣೆಗೆಂದು ಸ್ಕೀಟ್ ಸಾಹೇಬರು ಬಂದ ಶನಿವಾರ ಬಿಸಿಲು ಬೆಂಕಿ. ಯೂಡೀನ್ ಎರಡು ಬಕೆಟ್ ಮಾಬಿ ಮಾಡಿದ್ದಳು. ತೊಗಟೆ ಕುದಿಸಿ ಮಾಡುವ ಈ ಕಹಿಸಿಹಿ ಪಾನಕ ಹೊಟ್ಟೆಗೆ ಬಹಳ ತಂಪು, ಆದರೆ ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ!

ಅಂದಿನ ಪಂದ್ಯದ ಮೂರನೇ ಓವರಿಗೆ ಶುರುವಾಯಿತು ಫಜೀತಿ. ಬೌಲರ್ ಓಡಿ ಬರುತ್ತಿದ್ದ. ಅವನ ಬೆನ್ನ ಹಿಂದಿನ ಹಾಲುಬಿಳುಪಿನ ನಡುವೆ ಕಪ್ಪು ಚೌಕವೊಂದು ತೆರೆದು, ಸ್ಕೋರರ್ ಪ್ಯಾಂಟು ಸರಿಮಾಡಿಕೊಳ್ಳುತ್ತ ಹೊರಬಂದ. ಬ್ಯಾಟ್ಸ್‌ಮನ್ ಕೈ ಎತ್ತಿದ. ಆಟ ನಿಂತಿತು. ಮೈದಾನವೆಲ್ಲ ಸ್ಕೋರರನ್ನೇ ನೋಡಿತು. ಎರಡು ಚೆಂಡಾದ ಮೇಲೆ ಊರಿನ ಪಾದ್ರಿಗಳು ಹೊರಬಂದರು. ಮತ್ತೆ ಆಟ ನಿಂತಿತು!

"ಒಳಗಿದ್ದವನು ಔಟಾಗದೆ ಇಲ್ಲಿ ಯಾರೂ ಔಟಾಗೋ ಹಾಗಿಲ್ಲ!" ಎಂದು ಅಂಪೈರ್ ಗುಡುಗಿದ. "ಓವರ್ ನಡೆಯೋವಾಗ ಬಾಗಿಲು ತೆಗೆಯೋ ಹಾಗಿಲ್ಲ. ಯೂಡೀನ್ ಆಂಟಿ, ನೀವೇ ಪಕ್ಕದಲ್ಲಿ ನಿಂತು ಕಾವಲು ಕಾಯಿರಿ."

ಕ್ರಿಕೆಟ್ಟಿನ ತಲೆಬುಡ ಗೊತ್ತಿಲ್ಲದ ಯೂಡೀನ್ ಮುಖ ಗಂಟಿಕ್ಕಿಕೊಂಡು ಕಾವಲು ನಿಂತಳು.

ಕೊನೆಯ ಓವರ್. ಆತಂಕ ತಡೆಯಲಾರದೆ ಐದು ಲೋಟ ಮಾಬಿ ಕುಡಿದಿದ್ದ ಆಲ್ರಿಕ್ ಓವರ್ ಶುರುವಾಗುವ ಮೊದಲೇ ಒಳಗೆ ನುಗ್ಗಿದ್ದ. ಕೊನೆಯ ಚೆಂಡು ಉಳಿದಿತ್ತು, ಗ್ರೇಪ್‌ಹಿಲ್‌ಗೆ ಗೆಲ್ಲಲು ಮೂರು ರನ್ ಬೇಕಿತ್ತು. ಬ್ಯಾಟು ಹಿಡಿದವನು ಜಾವನ್. ಯೂಡೀನ್ ಬಾಗಿಲು ಭದ್ರವಾಗಿ ಹಾಕಿಸಿದ್ದರಿಂದ ಆಲ್ರಿಕ್‌ಗೆ ಸಂದಿಯೂ ಇಲ್ಲ.

"ಯೂಡೀನ್! ಏನಾಗ್ತಿದೆ?"

"ಒಬ್ಬ ಓಡ್ತಿದಾನೆ."

"ಓಡ್ತಿದಾನಾ? ಜೋರಾಗಿ ಓಡ್ತಿದಾನಾ?"

"ಪ್ರಾಣ ಹೋಗೋ ಹಂಗೆ ಓಡ್ತಿದಾನೆ!"

"ಹಾಗಾದ್ರೆ ಗೆದ್ವಿ ಕಣೇ!" ಎಂದು ಆಲ್ರಿಕ್ ಬಾಗಿಲನ್ನು ಒದ್ದು ಹೊರಗೆ ಹಾರಿದ, ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದು ಕೈ ಆಕಾಶಕ್ಕೆ. ಓಡುತ್ತಿದ್ದವನು ಬೌಲರ್! ಬಾಯಿ ಬಿಟ್ಟು ಆಲ್ರಿಕ್‌ನನ್ನೇ ನೋಡುತ್ತಿದ್ದ ಜಾವನ್‌ನ ಮೂರೂ ಸ್ಟಂಪು ಉರುಳಿದವು.

ಎದುರಾಳಿಗಳು ಕುಣಿದರು. ಆಲ್ರಿಕ್ ಆಕಾಶಕ್ಕೆತ್ತಿದ್ದ ಕೈಯನ್ನೂ ಇಳಿಸಿ ಪ್ಯಾಂಟು ಹಿಡಿದುಕೊಂಡ. ಅಂಪೈರ್ ಮಾತ್ರ ತಲೆ ಅಲ್ಲಾಡಿಸಿದ. "ಡೆಡ್ ಬಾಲ್! ಬ್ಯಾಟ್ಸ್‌ಮನ್ ಗಮನ ಕೆಟ್ಟಿದೆ. ಕೆಡದೆ ಇರುತ್ತಾ? ಇನ್ನೊಂದ್ಸಲ ಹಾಕಿ."

ಇನ್ನೊಂದು ಸಲ ಬಂದ ಚೆಂಡನ್ನು ಜಾವನ್ ಆಲ್ರಿಕ್‌ನ ಮನೆಯ ಗೋಡೆಗೇ ಬಾರಿಸಿದ. ನಾಲ್ಕು! ಊರು ಆಲ್ರಿಕ್‌ನನ್ನು ಹೆಗಲ ಮೇಲೆ ಹೊತ್ತು ಕುಣಿಯಿತು. ಅವನು ಮೇಲಿಂದಲೇ ಸ್ಕೀಟ್ ಸಾಹೇಬರನ್ನು ಕೇಳಿದ: "ಹೇಗಿದೆ ಸಾರ್ ನಮ್ಮ ವ್ಯವಸ್ಥೆ?"

"ಟಾಯ್ಲೆಟ್ ಪಾಸು. ಸೈಟ್‌ಸ್ಕ್ರೀನು ಪಾಸು," ಎಂದರು ಸಾಹೇಬರು. "ಎರಡೂ ಸೇರಿ ಫೇಲು."

ಆಲ್ರಿಕ್ ಹೆಗಲಿನಿಂದ ತಾನಾಗಿಯೇ ಜಾರಿದ. ಯೂಡೀನ್ ಮುಂದೆ ಬಂದಳು. "ಅಲ್ಲಾ, ಬಾಗಿಲು ಹಿಂದ್ಗಡೆ ಇಟ್ಟಿದ್ರೆ ಆಗ್ತಿರ್ಲಿಲ್ವಾ?"

ನಲವತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಹೇಬರು ಆ ಮಾತನ್ನು ಹಾಗೆಯೇ ಪುಸ್ತಕದಲ್ಲಿ ಬರೆದುಕೊಂಡು, "ಎರಡು ವಾರದಲ್ಲಿ ಹೀಗೆ ಮಾಡಿ, ಮೈದಾನ ನಿಮ್ಮದೇ," ಎಂದು ರುಜು ಹಾಕಿದರು. ಆಮೇಲೆ ಹೊಸ ಟಾಯ್ಲೆಟ್ಟಿನ ಮುಂದೆ ಗೆದ್ದವರೂ ಸೋತವರೂ ನಿಂತಿದ್ದ ಉದ್ದನೆಯ ಸಾಲನ್ನು ನೋಡಿ, ಕಾಲು ಬದಲಿಸುತ್ತ ದನಿ ತಗ್ಗಿಸಿದರು. "ಅಮ್ಮಾ, ನಾನೂ ಮೂರು ಲೋಟ ಕುಡಿದೆ... ನಿಮ್ಮ ಮನೆ ಇಲ್ಲೇ ಅಲ್ವಾ?"

ಯೂಡೀನ್ ಬೀಗದ ಕೈಯನ್ನು ಸಾಹೇಬರಿಗೆ ಕೊಟ್ಟಳು, ಪೊರಕೆಯನ್ನು ಗಂಡನಿಗೆ.